ಅಮ್ಮನ ಭಜನೆಗೆ ಗಿಟಾರ್ ನುಡಿಸಬೇಕು, ಮೊದಲ ಹಾಡು ಹೇಗೆ ಶುರು ಮಾಡಲಿ?

ನೀರ್ಚಾಲು ನೆರಳು

ನಮಸ್ಕಾರ ಎಲ್ಲರಿಗೂ. ಗಿಟಾರ್ ತಂದು ಕೆಲವು ತಿಂಗಳಾಯಿತು. ಸ್ಟೀಲ್ ತಂತಿಯದ್ದು, ದೊಡ್ಡ ಸೈಜು. ಜಿ, ಸಿ, ಡಿ, ಇ ಮೈನರ್ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಒಂದೊಂದಾಗಿ ಹಿಡಿದರೆ ಸದ್ದು ಚೆನ್ನಾಗಿಯೇ ಬರುತ್ತದೆ. ಆದರೆ ಒಂದು ಹಾಡು ಪೂರ್ತಿ ನುಡಿಸಲು ಆಗುತ್ತಿಲ್ಲ. ಕಾರ್ಡ್ ಬದಲಾಯಿಸುವಾಗ ಕೈ ನಿಂತೇ ಬಿಡುತ್ತದೆ.

ಆನ್‌ಲೈನ್ ಪಾಠಗಳಲ್ಲಿ ಮೊದಲ ಹಾಡು ಅಂದರೆ ಯಾವುದಾದರೂ ಇಂಗ್ಲಿಷ್ ಹಾಡು. ನಾನು ಅವುಗಳನ್ನು ಕೇಳಿ ಬೆಳೆದವನಲ್ಲ. ಮಲಯಾಳದಲ್ಲಿ ಹೇಳಿಕೊಡುವವರು ಕಾಸರಗೋಡು ಪೇಟೆಯಲ್ಲಿ ಇದ್ದಾರೆ. ಕನ್ನಡದಲ್ಲಿ, ನಮ್ಮ ಹಾಡುಗಳನ್ನು ಇಟ್ಟುಕೊಂಡು ಹೇಳುವವರು ನಮ್ಮ ಹತ್ತಿರದಲ್ಲಿ ಸಿಗಲಿಲ್ಲ.

ನನ್ನ ಆಸೆ ಒಂದೇ. ಅಮ್ಮ ಭಜನಾ ಮಂದಿರದಲ್ಲಿ ಹಾಡುತ್ತಾರೆ. ಮನೆಯಲ್ಲಿ ದೀಪ ಹಚ್ಚಿದ ಮೇಲೂ ಹಾಡುತ್ತಾರೆ. ಆ ಭಜನೆಗಳಲ್ಲಿ ಒಂದಕ್ಕಾದರೂ ನಾನು ಗಿಟಾರ್ ಹಿಡಿದು ಕೂರಬೇಕು. ಆದರೆ ಅಮ್ಮನ ಶ್ರುತಿಯೇ ಬೇರೆ, ನನ್ನ ಕಾರ್ಡೇ ಬೇರೆ. ಒಂದಕ್ಕೊಂದು ಕೂಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಬದಿಯಡ್ಕ ಬಸ್‌ಸ್ಟ್ಯಾಂಡ್

ನನಗೂ ಇದೇ ಬೇಕಿತ್ತು. ಮಾಸ್ಟ್ರು ಬರಲಿ, ಕಾಯುತ್ತಿದ್ದೇನೆ.

ಮುಳ್ಳೇರಿಯ ಮಾಸ್ಟ್ರು

ನೀವು ಆರಿಸಿದ ಹಾಡೇ ಸರಿ. ಮೊದಲ ಹಾಡು ನಿಮ್ಮ ಗಂಟಲಲ್ಲಿ ಮೊದಲೇ ಇರಬೇಕು. ಧಾಟಿ ನೆನಪು ಮಾಡಿಕೊಳ್ಳುವುದು, ತಾಳ ಹಿಡಿಯುವುದು, ಬೆರಳು ಕೂರಿಸುವುದು, ಮೂರೂ ಒಟ್ಟಿಗೆ ಹೊಸದಾದರೆ ತಲೆಗೆ ಭಾರ ಜಾಸ್ತಿ. ಭಜನೆಯಲ್ಲಿ ಮೊದಲ ಎರಡು ನಿಮಗೆ ಬಂದಿವೆ. ಉಳಿದದ್ದು ಬೆರಳು ಮಾತ್ರ.

ಈಗ ಕೈ ನಿಲ್ಲುವ ವಿಷಯ. ಕಲಿಯುವವರೆಲ್ಲ ಎಡಗೈಯನ್ನೇ ನೋಡುತ್ತಾರೆ. ಬೆರಳು ಸರಿಯಾಗಿ ಕೂತಿತಾ ಅಂತ ನೋಡುವಷ್ಟು ಹೊತ್ತು ಬಲಗೈಯನ್ನು ಕಾಯಿಸುತ್ತಾರೆ. ಹಾಡು ಒಡೆಯುವುದು ಅಲ್ಲೇ. ಯಕ್ಷಗಾನದಲ್ಲಿ ಕುಣಿಯುವವನ ಹೆಜ್ಜೆ ತಪ್ಪಿದರೂ ಭಾಗವತರ ತಾಳ ನಿಲ್ಲುವುದಿಲ್ಲ. ಬಲಗೈ ಭಾಗವತರ ಕೈ ಅಂತ ತಿಳಿಯಿರಿ. ಎಡಗೈ ತಡವಾದರೆ ತಡವಾಗಲಿ, ಬಲಗೈ ಅದಕ್ಕಾಗಿ ಕಾಯಬಾರದು.

ಹೀಗೆ ಮಾಡಿ. ಎಡಗೈಯನ್ನು ಆರೂ ತಂತಿಗಳ ಮೇಲೆ ಹಗುರವಾಗಿ ಇಡಿ, ಒತ್ತಬೇಡಿ. ಬಲಗೈಯಿಂದ ಹೊಡೆದರೆ ಸ್ವರ ಬರದೆ ಬರೀ ಟಕ್ ಟಕ್ ಅನ್ನಬೇಕು. ಆ ಸದ್ದಿನ ಮೇಲೆ ಭಜನೆಯನ್ನು ಪೂರ್ತಿ ಹಾಡಿ. ಎಂಟು ಅಕ್ಷರದ ತಾಳವಾದರೆ ಒಂದೊಂದು ಅಕ್ಷರಕ್ಕೆ ಕೆಳಮುಖವಾಗಿ ಒಂದು ಹೊಡೆತ ಸಾಕು. ಮೇಲೆ ಕೆಳಗೆ ಹೊಡೆಯುವ ಚಂದದ ಮಾದರಿಗಳು ಆಮೇಲೆ. ಈ ಕೆಲಸಕ್ಕೆ ಬೇಸರ ಪಡಬೇಡಿ. ಇದಾದ ಮೇಲೆಯೇ ಕಾರ್ಡ್.

ಕಾರ್ಡ್ ಬದಲಾಗುವ ಜಾಗದಲ್ಲಿ, ಎಂಟನೆಯ ಹೊಡೆತಕ್ಕೆ ಬೆರಳುಗಳನ್ನು ಎತ್ತಿಯೇ ಬಿಡಿ. ಆ ಹೊಡೆತ ಖಾಲಿ ತಂತಿಗಳ ಮೇಲೆ ಬೀಳಲಿ. ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆ ಒಂದು ಹೊಡೆತದ ಹೊತ್ತಿನಲ್ಲಿ ಬೆರಳು ಹೊಸ ಜಾಗಕ್ಕೆ ಹೋಗುತ್ತದೆ.

ಇನ್ನು ಬೆರಳು. ಸಪೂರ ತಂತಿಯನ್ನು 1 ಅಂತ, ದಪ್ಪದ್ದನ್ನು 6 ಅಂತ ಎಣಿಸುವುದು. ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳೇ ಫ್ರೆಟ್, ತಲೆಯ ಕಡೆಯಿಂದ ಎಣಿಸುವುದು. ಜಿ ಕಾರ್ಡನ್ನು ನಾಲ್ಕು ಬೆರಳಲ್ಲಿ ಹಿಡಿಯಿರಿ. ನಡುಬೆರಳು 6ನೇ ತಂತಿಯ 3ನೇ ಫ್ರೆಟ್, ತೋರುಬೆರಳು 5ನೇ ತಂತಿಯ 2ನೇ ಫ್ರೆಟ್. ಉಂಗುರ ಬೆರಳು 2ನೇ ತಂತಿಯ 3ನೇ ಫ್ರೆಟ್, ಕಿರುಬೆರಳು 1ನೇ ತಂತಿಯ 3ನೇ ಫ್ರೆಟ್. ಈಗ ಉಂಗುರ ಬೆರಳನ್ನೂ ಕಿರುಬೆರಳನ್ನೂ ಅಲುಗಿಸಬೇಡಿ. ಉಳಿದ ಎರಡು ಬೆರಳನ್ನು ಮಾತ್ರ ಒಂದೊಂದು ತಂತಿ ಕೆಳಗೆ ಇಳಿಸಿ. ನಡುಬೆರಳು 5ನೇ ತಂತಿಗೆ, ತೋರುಬೆರಳು 4ನೇ ತಂತಿಗೆ. ಫ್ರೆಟ್ ಅದೇ. ಇದಕ್ಕೆ ಸಿ ಆ್ಯಡ್ ನೈನ್ ಅನ್ನುತ್ತಾರೆ. ಸಿ ಬೇಕಾದಲ್ಲೆಲ್ಲ ಸದ್ಯಕ್ಕೆ ಇದನ್ನೇ ಹಾಕಿ.

ಡಿ ಗೆ ಹೋಗುವಾಗಲೂ ಉಂಗುರ ಬೆರಳು ಅಲ್ಲೇ ಇರುತ್ತದೆ, ನೋಡಿ. ತೋರುಬೆರಳು 3ನೇ ತಂತಿಯ 2ನೇ ಫ್ರೆಟ್‌ಗೆ, ನಡುಬೆರಳು 1ನೇ ತಂತಿಯ 2ನೇ ಫ್ರೆಟ್‌ಗೆ. ಕಿರುಬೆರಳು ಎತ್ತಿ. ಮೂರು ಕಾರ್ಡ್, ಆದರೆ ಒಂದು ಬೆರಳು ಜಾಗ ಬಿಟ್ಟು ಕದಲುವುದೇ ಇಲ್ಲ. ಕತ್ತಲಲ್ಲೂ ಕೈಗೆ ದಾರಿ ಗೊತ್ತಿರುತ್ತದೆ. ನಾನು ಮಕ್ಕಳಿಗೆ ಹೇಳಿಕೊಡುವಾಗ ಇದರಿಂದಲೇ ಶುರು ಮಾಡುವುದು.

ಕುಂಬಳೆ ಕಡಲು

ಮಾಸ್ಟ್ರು ಕೈ ವಿಷಯ ಹೇಳಿದರು, ನಾನು ಶ್ರುತಿ ವಿಷಯ ಹೇಳುತ್ತೇನೆ. ನಾನು ಮಂದಿರದಲ್ಲಿ ಹಾರ್ಮೋನಿಯಂ ಬಾರಿಸುವವನು.

ಅಮ್ಮ ನಿಮ್ಮ ಗಿಟಾರಿಗೆ ಹೊಂದಿಕೊಳ್ಳಬೇಕಾಗಿಲ್ಲ, ಗಿಟಾರೇ ಅಮ್ಮನಿಗೆ ಹೊಂದಿಕೊಳ್ಳಬೇಕು. ಅದಕ್ಕೆ ಕ್ಯಾಪೊ ಅಂತ ಒಂದು ಕ್ಲಿಪ್ ಇದೆ. ಫ್ರೆಟ್ ಮೇಲೆ ಕಚ್ಚಿಸಿದರೆ ಆರೂ ತಂತಿಗಳ ಶ್ರುತಿ ಒಟ್ಟಿಗೆ ಏರುತ್ತದೆ. ಒಂದು ಫ್ರೆಟ್ ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಮನೆ, ಕಪ್ಪು ಬಿಳಿ ಎರಡನ್ನೂ ಸೇರಿಸಿ ಎಣಿಸಿದರೆ.

ಅಮ್ಮನ ಸ ಹುಡುಕುವುದು ಹೀಗೆ. ಭಜನೆಯನ್ನು ಅವರ ಪಾಡಿಗೆ ಹಾಡಲಿ. ಶ್ರುತಿಪೆಟ್ಟಿಗೆ ಇಡಬೇಡಿ. ಕೊನೆಯ ಸಾಲು ಬಂದು ನಿಲ್ಲುವ ಸ್ವರ ಹೆಚ್ಚಾಗಿ ಸ. ಅದನ್ನೇ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಲು ಹೇಳಿ. ನೀವು ಗಿಟಾರಿನ 3ನೇ ತಂತಿಯನ್ನು ಮೊದಲು ಖಾಲಿ ಮೀಟಿ, ಆಮೇಲೆ 1ನೇ ಫ್ರೆಟ್, 2ನೇ ಫ್ರೆಟ್ ಅಂತ ಏರುತ್ತಾ ಹೋಗಿ. ಎಲ್ಲಿ ಅಮ್ಮನ ಸ್ವರಕ್ಕೆ ಕೂಡುತ್ತದೋ ಆ ಫ್ರೆಟ್‌ಗೆ ಕ್ಯಾಪೊ ಹಾಕಿ, ಜಿ, ಸಿ, ಡಿ ಹಿಡಿಯಿರಿ. ಅಷ್ಟೇ. 3ನೇ ತಂತಿ ಖಾಲಿ ಇದ್ದಾಗ ಜಿ ಸ್ವರ ಆದ್ದರಿಂದ ಈ ಲೆಕ್ಕ ನೇರವಾಗಿ ಬರುತ್ತದೆ.

ಹಾರ್ಮೋನಿಯಂ ಗೊತ್ತಿರುವವರಿಗೆ: ಖಾಲಿ ತಂತಿ ಬಿಳಿ ಐದು, 1ನೇ ಫ್ರೆಟ್ ಕಪ್ಪು ನಾಲ್ಕು, 2ನೇ ಫ್ರೆಟ್ ಬಿಳಿ ಆರು, 3ನೇ ಫ್ರೆಟ್ ಕಪ್ಪು ಐದು. ಹೆಂಗಸರ ಶ್ರುತಿ ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು. ಗಂಡಸರು ಹಾಡುವುದಾದರೆ ಕಪ್ಪು ಒಂದಕ್ಕೆ ಸಿ ಯ ಕಾರ್ಡ್‌ಗಳನ್ನು ಹಿಡಿದು 1ನೇ ಫ್ರೆಟ್‌ಗೆ ಕ್ಯಾಪೊ. ಬಿಳಿ ಎರಡಕ್ಕೆ ಕ್ಯಾಪೊ ಇಲ್ಲದೆ ಡಿ, ಜಿ, ಎ.

ನೀರ್ಚಾಲು ನೆರಳು

ಮಾಸ್ಟ್ರೇ, ಅಣ್ಣಾ, ತುಂಬ ಉಪಕಾರ. ಅಮ್ಮನ ಸ 1ನೇ ಫ್ರೆಟ್‌ನಲ್ಲೇ ಸಿಕ್ಕಿತು. ಕಪ್ಪು ನಾಲ್ಕು ಅಂತ ಹೇಳಿದ ಕೂಡಲೇ "ಮಂದಿರದಲ್ಲಿಯೂ ಅದೇ ಇಡುವುದು" ಅಂದರು. ಕ್ಯಾಪೊ ಇನ್ನೂ ಇಲ್ಲ, ಮಂಗಳೂರಿಗೆ ಹೋದಾಗ ತರಬೇಕು.

ಒಂದು ಸಂಶಯ. ಯಾವ ಸಾಲಿಗೆ ಯಾವ ಕಾರ್ಡ್ ಅಂತ ಗೊತ್ತಾಗುವುದು ಹೇಗೆ? ಸಿನಿಮಾ ಹಾಡಿಗಾದರೆ ಯಾರಾದರೂ ಬರೆದು ಹಾಕಿರುತ್ತಾರೆ. ನಮ್ಮ ಭಜನೆಗೆ ಯಾರೂ ಬರೆದಿಲ್ಲ.

ಮುಳ್ಳೇರಿಯ ಮಾಸ್ಟ್ರು

ಕ್ಯಾಪೊ ಬರುವವರೆಗೆ ಕಾಯಬೇಡಿ. ಬಲಗೈ ಅಭ್ಯಾಸಕ್ಕೆ ಅದು ಬೇಡ. ಸಾಲಿನ ಪ್ರಶ್ನೆಗೆ ಪೆರ್ಲದ ಅಕ್ಕ ಉತ್ತರ ಕೊಡಲಿ, ಅವರಿಗೆ ಸಂಗೀತ ನನಗಿಂತ ಚೆನ್ನಾಗಿ ಗೊತ್ತು.

ಪೆರ್ಲದ ಪಿಟೀಲು

ಹಾಡಿನ ಸ್ವರ ಬರೆದುಕೊಳ್ಳಲು ಬರುತ್ತದಾ? ಬಂದರೆ ಕೆಲಸ ಸುಲಭ. ಬಾರದಿದ್ದರೂ ಅಮ್ಮನ ಹತ್ತಿರ ಕೇಳಿದರೆ ಆಯಿತು.

ಕಾರ್ಡ್ ಅಂದರೆ ಮೂರು ಸ್ವರ ಒಟ್ಟಿಗೆ ನುಡಿಯುವುದು. ಜಿ ಯನ್ನು ಸ ಅಂತ ಇಟ್ಟುಕೊಂಡರೆ ಜಿ ಕಾರ್ಡಿನಲ್ಲಿ ಇರುವುದು ಸ ಗ ಪ. ಡಿ ಕಾರ್ಡಿನಲ್ಲಿ ಪ ನಿ ರಿ. ಸಿ ಕಾರ್ಡಿನಲ್ಲಿ ಮ ದ ಸ. ಇ ಮೈನರ್‌ನಲ್ಲಿ ದ ಸ ಗ. ಇನ್ನು ಸಾಲು ಎಲ್ಲಿ ನಿಲ್ಲುತ್ತದೆ ಅಂತ ಕೇಳಿ. ನಡುವೆ ಓಡಾಡುವ ಸ್ವರಗಳನ್ನು ಬಿಡಿ, ತಾಳದ ಪೆಟ್ಟು ಬೀಳುವಲ್ಲಿ ಉದ್ದಕ್ಕೆ ನಿಲ್ಲುವ ಸ್ವರ ಯಾವುದು? ಗ ದಲ್ಲಿ ನಿಂತರೆ ಜಿ. ರಿ ಯಲ್ಲಿ ನಿಂತರೆ ಡಿ. ದ ದಲ್ಲಿ ನಿಂತರೆ ಸಿ ಅಥವಾ ಇ ಮೈನರ್, ಎರಡನ್ನೂ ನುಡಿಸಿ ನೋಡಿ, ಕಿವಿ ಒಪ್ಪಿದ್ದನ್ನು ಇಟ್ಟುಕೊಳ್ಳಿ. ಪ ಮಾತ್ರ ಜಿ ಯಲ್ಲೂ ಇದೆ, ಡಿ ಯಲ್ಲೂ ಇದೆ. ಅಲ್ಲಿ ಮುಂದಿನ ಸ್ವರ ನೋಡಬೇಕು.

ಇದು ಶಂಕರಾಭರಣ ರಾಗದ ಸ್ವರಗಳಿಗೆ ಹೇಳಿದ್ದು. ಮೋಹನಕ್ಕೂ ನಡೆಯುತ್ತದೆ. ಮೋಹನದಲ್ಲಿ ಮ, ನಿ ಇಲ್ಲ. ಹಾಗಾಗಿ ಜಿ ಮತ್ತು ಇ ಮೈನರ್ ಎರಡರಲ್ಲೇ ಬಹಳ ದೂರ ಹೋಗಬಹುದು, ಅವುಗಳ ಸ್ವರಗಳೆಲ್ಲ ಮೋಹನದವೇ. ರಿ ಮೇಲೆ ನಿಲ್ಲುವಲ್ಲಿ ಮಾತ್ರ ಡಿ ಬೇಕಾಗುತ್ತದೆ.

ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಸರಳೆ ವರಸೆ (ಶಾಸ್ತ್ರೀಯ ಸಂಗೀತದ ಮೊದಲ ಪಾಠ) ಕಲಿತವರು ಗಿಟಾರ್ ಹಿಡಿದ ಕೂಡಲೇ ಮಾಯಾಮಾಳವಗೌಳದ ಗೀತೆಗೆ ಕಾರ್ಡ್ ಹುಡುಕುತ್ತಾರೆ. ಬೇಡ. ಆ ರಾಗದಲ್ಲಿ ರಿ, ದ ಎರಡೂ ಶುದ್ಧ. ಡಿ ಕಾರ್ಡಿನಲ್ಲಿ ಇರುವುದು ಅದಕ್ಕಿಂತ ಒಂದು ಫ್ರೆಟ್ ಮೇಲಿನ ಚತುಶ್ರುತಿ ರಿಷಭ. ಸಿ ಕಾರ್ಡಿನಲ್ಲಿ ಇರುವುದೂ ಹಾಗೆಯೇ ಒಂದು ಫ್ರೆಟ್ ಮೇಲಿನ ಚತುಶ್ರುತಿ ಧೈವತ. ಹಾಡುವವರು ಒಂದು ರಿ ಹೇಳುತ್ತಾರೆ, ಗಿಟಾರ್ ಇನ್ನೊಂದು ರಿ ಹೇಳುತ್ತದೆ. ಬೆರಳು ಎಷ್ಟು ಸರಿ ಇದ್ದರೂ ಕಿವಿಗೆ ಹಿಂಸೆ. ಆಗ ಕಲಿಯುವವನು ತನಗೆ ಸಂಗೀತ ಬರುವುದಿಲ್ಲ ಅಂತ ಗಿಟಾರ್ ಮೂಲೆಗೆ ಇಡುತ್ತಾನೆ. ರಾಗ ಆರಿಸುವುದು ಅಷ್ಟು ಮುಖ್ಯ.

ಶಾಸ್ತ್ರೀಯವೇ ಬೇಕು ಅನ್ನುವವರಿಗೆ ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳು ಇವೆ. ಮದ್ರಾಸಿನ ಕಡೆ ಇಂಗ್ಲಿಷ್ ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಹಾಕಿದರು. ಶಂಕರಾಭರಣದ ಸ್ವರಗಳು, ಗಮಕ (ಸ್ವರವನ್ನು ತೂಗಿ ಜಾರಿಸುವುದು) ಇಲ್ಲ, ಚಿಕ್ಕ ಚಿಕ್ಕ ಸಾಲು. ಮಕ್ಕಳು ಶಾಲೆಯಲ್ಲಿ ಹೇಳುವ ಮಿನುಗುವ ನಕ್ಷತ್ರದ ಇಂಗ್ಲಿಷ್ ಪದ್ಯದ ಧಾಟಿಯೂ ಅವುಗಳಲ್ಲಿ ಇದೆ. ಜಿ, ಸಿ, ಡಿ ಮೂರೇ ಕಾರ್ಡಿನಲ್ಲಿ ಅದು ಮುಗಿಯುತ್ತದೆ.

ಬದಿಯಡ್ಕ ಬಸ್‌ಸ್ಟ್ಯಾಂಡ್

ಅಕ್ಕಾ, ಸ ಗ ಪ, ಪ ನಿ ರಿ, ಮ ದ ಸ. ಇಷ್ಟು ದಿನ ಕಾರ್ಡ್ ಅಂದರೆ ಬಾಯಿಪಾಠ ಮಾಡುವ ಚಿತ್ರ ಅಂತ ಇದ್ದೆ. ಇದನ್ನು ಬರೆದು ಗೋಡೆಗೆ ಅಂಟಿಸಿದೆ.

ಅಡಿಕೆ ತೋಟ

ಬೆರಳು ನೋಯುವ ಬಗ್ಗೆ ಯಾರೂ ಬರೆಯಲಿಲ್ಲ. ಅಡಿಕೆ ಸುಲಿದು ಸುಲಿದು ನನ್ನ ಬಲಗೈ ಗಟ್ಟಿಯಾಗಿದೆ. ಆದರೆ ತಂತಿ ಒತ್ತುವುದು ಎಡಗೈ ಬೆರಳ ತುದಿಯಲ್ಲಿ, ಅಲ್ಲಿ ಮೆತ್ತಗೆ. ಎಫ್ ಕಾರ್ಡ್ ಹಿಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಐವತ್ತು ದಾಟಿದವರಿಗೆ ಇದು ಆಗುವ ಕೆಲಸವಾ?

ಮುಳ್ಳೇರಿಯ ಮಾಸ್ಟ್ರು

ಖಂಡಿತ ಆಗುತ್ತದೆ ಮಾವ. ಎಫ್ ಈಗ ಬೇಡವೇ ಬೇಡ. ಅದರಲ್ಲಿ ಒಂದೇ ಬೆರಳು ಅಡ್ಡ ಬಿದ್ದು ಆರೂ ತಂತಿ ಒತ್ತಬೇಕು. ಮೊದಲ ಹಾಡಿಗೆ ಎಫ್ ಇರುವ ಹಾಡನ್ನೇ ಆರಿಸಬಾರದು.

ನೋವು ಜಾಸ್ತಿ ಇದ್ದರೆ ಮೊದಲು ಗಿಟಾರ್ ನೋಡಿ. 12ನೇ ಫ್ರೆಟ್ ಹತ್ತಿರ ದಪ್ಪ ತಂತಿಯ ಅಡಿಯಲ್ಲಿ ಸ್ಕೇಲ್ ಇಟ್ಟು ಅಳೆಯಿರಿ. ಫ್ರೆಟ್‌ನ ಮೇಲಿಂದ ತಂತಿಯ ಅಡಿಗೆ ಎರಡು, ಎರಡೂವರೆ ಮಿಲಿಮೀಟರ್ ಇದ್ದರೆ ಸರಿ. ಮೂರು ದಾಟಿದ್ದರೆ ತಂತಿ ಎತ್ತರದಲ್ಲಿದೆ, ಎಷ್ಟು ಒತ್ತಿದರೂ ನೋವೇ. ರಿಪೇರಿ ಗೊತ್ತಿರುವವರ ಕೈಯಲ್ಲಿ ಅದನ್ನು ಇಳಿಸಬಹುದು. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಈ ತೊಂದರೆ ಜಾಸ್ತಿ. ತಂತಿ ಬದಲಾಯಿಸುವಾಗ ಸಪೂರದ ಸೆಟ್ ಕೇಳಿ, ಒಂದನೇ ತಂತಿ 10 ಅಂತ ಬರೆದಿರುವುದು. 12ರ ಸೆಟ್ಟಿಗಿಂತ ಮೆತ್ತಗೆ.

ಇನ್ನೊಂದು, ಬೆರಳನ್ನು ಫ್ರೆಟ್‌ನ ಲೋಹದ ಪಟ್ಟಿಗೆ ತಾಗುವಷ್ಟು ಹತ್ತಿರ ಇಡಿ, ಪಟ್ಟಿಯ ಹಿಂದೆ. ಎರಡು ಪಟ್ಟಿಗಳ ನಡುವೆ ಇಟ್ಟರೆ ಜಾಸ್ತಿ ಒತ್ತಬೇಕಾಗುತ್ತದೆ. ದಿನಾ ಹದಿನೈದು ನಿಮಿಷ ಸಾಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂತರೆ ಬೆರಳ ಚರ್ಮ ಏಳುತ್ತದೆ, ಆಮೇಲೆ ವಾರವಿಡೀ ಮುಟ್ಟಲು ಮನಸ್ಸು ಬರುವುದಿಲ್ಲ.

ಉಪ್ಪಳ ಅಲೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೊದಲು ಕಾರ್ಡ್ ಯಾಕೆ? ಒಂದೇ ತಂತಿಯಲ್ಲಿ ಹಾಡಿನ ಧಾಟಿ ನುಡಿಸಿದರೆ ಆಗದಾ? 3ನೇ ತಂತಿಯಲ್ಲಿ ಖಾಲಿ ಇದ್ದದ್ದು ಸ. ಮೋಹನಕ್ಕೆ 2ನೇ ಫ್ರೆಟ್ ರಿ, 4ನೇ ಫ್ರೆಟ್ ಗ, 7ನೇ ಫ್ರೆಟ್ ಪ, 9ನೇ ಫ್ರೆಟ್ ದ, 12ನೇ ಫ್ರೆಟ್ ಮೇಲಿನ ಸ. ಒಂದು ಬೆರಳು ಸಾಕು. ಜಾರಿಸಿದರೆ ಗಮಕವೂ ಸ್ವಲ್ಪ ಬರುತ್ತದೆ. ನಮ್ಮ ಸಂಗೀತ ಧಾಟಿಯ ಸಂಗೀತ. ಕಾರ್ಡ್ ಹೊರಗಿನಿಂದ ಬಂದದ್ದು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಹಿಡಿದಾಗ ಅದರಲ್ಲಿ ರಾಗವನ್ನೇ ನುಡಿಸಿದರು ಅಲ್ವಾ?

ಪೆರ್ಲದ ಪಿಟೀಲು

ನೀವು ಹೇಳುವುದರಲ್ಲಿ ನಿಜ ಇದೆ. ಪಿಟೀಲು ಕೂಡ ಹೊರಗಿನಿಂದಲೇ ಬಂದದ್ದು. ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕಲಿತು ನಮ್ಮ ಸಂಗೀತಕ್ಕೆ ತಂದರು. ಒಂದು ತಂತಿಯಲ್ಲಿ ಧಾಟಿ ನುಡಿಸಿದರೆ ಯಾವ ಸ್ವರದಲ್ಲಿ ಸಾಲು ನಿಲ್ಲುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ಆಮೇಲೆ ಕಾರ್ಡ್ ಹುಡುಕಲು ಅದೇ ದಾರಿ.

ಆದರೆ ಈ ಹುಡುಗ ಕೇಳಿದ್ದು ಅಮ್ಮನ ಜೊತೆ ನುಡಿಸುವುದನ್ನು. ಅಮ್ಮ ಹಾಡುತ್ತಿರುವ ಧಾಟಿಯನ್ನೇ ಕಲಿಯುವವನೊಬ್ಬ ತಡವರಿಸುತ್ತಾ ಹಿಂದೆ ನುಡಿಸಿದರೆ ಹಾಡುವವರಿಗೆ ಕಿರಿಕಿರಿ. ಕಾರ್ಡ್ ಆದರೆ ಒಂದು ಹೊಡೆತ ತಪ್ಪಿದರೂ ಹಾಡು ಮುಂದೆ ಹೋಗುತ್ತದೆ. ಒಬ್ಬರೇ ಕೂತಾಗ ಧಾಟಿ, ಅಮ್ಮ ಕೂತಾಗ ಕಾರ್ಡ್.

ಉಪ್ಪಳ ಅಲೆ

ಇದಕ್ಕೆ ಒಪ್ಪುತ್ತೇನೆ ಅಕ್ಕಾ. ಹಾಡುವವರ ಅನುಕೂಲ ಮೊದಲು.

ಅಕ್ಕಲಕೋಟೆ ಗಾಳಿ

ಸೊಲ್ಲಾಪುರ ಜಿಲ್ಲೆಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯೂ ಮನೆ ಮಾತು ಕನ್ನಡ, ಭಜನೆ ಕನ್ನಡ ಮರಾಠಿ ಎರಡೂ. ನಿಮ್ಮ ಚರ್ಚೆ ಓದಿ ಖುಷಿಯಾಯಿತು. ಒಂದು ಕೇಳಬೇಕಿತ್ತು. ಬೇಸಿಗೆಯಲ್ಲಿ ನಮ್ಮಲ್ಲಿ ಗಿಟಾರಿನ ಮರ ಒಣಗಿ ಕುಗ್ಗುತ್ತದೆ, ಫ್ರೆಟ್ ತುದಿಗಳು ಹೊರಗೆ ಬಂದು ಕೈಗೆ ಚುಚ್ಚುತ್ತವೆ. ಕಡಲ ಬದಿಯವರಿಗೆ ಏನು ತೊಂದರೆ?

ಕುಂಬಳೆ ಕಡಲು

ನಮ್ಮಲ್ಲಿ ತಿರುಗಾಮುರುಗಾ. ಮಳೆಗಾಲ ಶುರುವಾದರೆ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಮೇ ತಿಂಗಳಲ್ಲಿ ಸುಲಭವಾಗಿದ್ದ ಕಾರ್ಡ್ ಆಟಿ ತಿಂಗಳ ಮಳೆಯಲ್ಲಿ ಕಷ್ಟವಾಗುತ್ತದೆ. ಕಲಿಯುವವರು ತಮ್ಮ ಕೈಯೇ ಹಿಂದೆ ಬಿತ್ತು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕೈ ಸರಿ ಇದೆ, ಮರ ಉಬ್ಬಿದ್ದು. ತಂತಿಗೂ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒಂದೊಂದು ತಂತಿಯನ್ನೂ ಒರಸಿ ಇಡಬೇಕು, ಅಡಿಭಾಗವನ್ನೂ. ಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲದ ಗೋಡೆ ತಣ್ಣಗೆ ಒದ್ದೆ ಇರುತ್ತದೆ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನಿಮ್ಮ ಕಡೆಯವರು ಬೇಸಿಗೆಯಲ್ಲಿ ಅದನ್ನು ಹಾಕಬಾರದು, ಇನ್ನೂ ಒಣಗುತ್ತದೆ.

ನೀರ್ಚಾಲು ನೆರಳು

ಕ್ಯಾಪೊ ಬಂತು! 1ನೇ ಫ್ರೆಟ್‌ಗೆ ಹಾಕಿ ಜಿ ಹಿಡಿದೆ. ಅಮ್ಮ ಅಡುಗೆಮನೆಯಿಂದಲೇ ಹಾಡಲು ಶುರು ಮಾಡಿದರು, ನಾನು ಕೇಳಲೂ ಇಲ್ಲ. ಭಜನೆ ಮೋಹನದಲ್ಲಿದೆ ಅಂತ ಅವರೇ ಹೇಳಿದರು. ಪಲ್ಲವಿ ಗ ದಲ್ಲಿ ನಿಲ್ಲುತ್ತದೆ, ಜಿ. ಎರಡನೇ ಸಾಲು ದ ದಲ್ಲಿ ನಿಲ್ಲುತ್ತದೆ, ಇ ಮೈನರ್. ಒಂದು ಕಡೆ ಮಾತ್ರ ರಿ, ಅಲ್ಲಿ ಡಿ. ಪೂರ್ತಿ ಹಾಡು ಆಯಿತು. ಎರಡು ಕಡೆ ಖಾಲಿ ತಂತಿ ನುಡಿಯಿತು, ಆದರೆ ಬಲಗೈ ನಿಲ್ಲಲಿಲ್ಲ. ತುಂಬ ಸಂತೋಷವಾಗಿದೆ, ನಿಮಗೆಲ್ಲ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ.

ಈಗ ಎರಡು ಸಂಶಯ. ಒಂದು, ಕೊನೆಗೆ ಬರುತ್ತಾ ಅಮ್ಮ ವೇಗ ಏರಿಸುತ್ತಾರೆ, ಮಂದಿರದಲ್ಲಿ ಏರಿಸುವ ಹಾಗೆ. ಅಲ್ಲಿ ನನ್ನ ಕೈ ಸೋಲುತ್ತದೆ. ಎರಡು, ಮಂಗಳ ಹಾಡುವುದು ಮಧ್ಯಮಾವತಿಯಲ್ಲಿ. ಅದಕ್ಕೆ ಈ ಕಾರ್ಡ್‌ಗಳು ಕೂಡುತ್ತಿಲ್ಲ.

ಅಡಿಕೆ ತೋಟ

ಬಹಳ ಸಂತೋಷ ಮಗಾ. ಅಮ್ಮನಿಗೂ ಹೇಳು.

ಮುಳ್ಳೇರಿಯ ಮಾಸ್ಟ್ರು

ಅಭಿನಂದನೆ! ವೇಗ ಏರಿದಾಗ ಹೊಡೆತ ಜಾಸ್ತಿ ಮಾಡಬೇಡಿ, ಕಡಿಮೆ ಮಾಡಿ. ಎಂಟು ಅಕ್ಷರಕ್ಕೆ ಎಂಟು ಹೊಡೆತ ಇದ್ದದ್ದನ್ನು ನಾಲ್ಕು ಮಾಡಿ, ಒಂದು ಬಿಟ್ಟು ಒಂದು ಅಕ್ಷರಕ್ಕೆ. ತಾಳದವರು ವೇಗ ನೋಡಿಕೊಳ್ಳುತ್ತಾರೆ. ನಿಮ್ಮ ಕೈ ಮೊದಲಿನಷ್ಟೇ ನಿಧಾನ ಇರುತ್ತದೆ, ಕೇಳುವಾಗ ಹಾಡು ಓಡುತ್ತಿರುತ್ತದೆ.

ಪೆರ್ಲದ ಪಿಟೀಲು

ಮಧ್ಯಮಾವತಿಯಲ್ಲಿ ಗ ಇಲ್ಲ, ದ ಇಲ್ಲ. ಸ ರಿ ಮ ಪ ನಿ, ನಿ ಕೈಶಿಕಿ, ಅಂದರೆ ಶಂಕರಾಭರಣದ ನಿ ಗಿಂತ ಒಂದು ಫ್ರೆಟ್ ಕೆಳಗಿನದ್ದು. ಜಿ ಕಾರ್ಡಿನಲ್ಲಿ ಗ ಇದೆ, ಅದಕ್ಕೇ ಕೂಡುವುದಿಲ್ಲ. ಗ ಇಲ್ಲದ ಕಾರ್ಡ್ ಬೇಕು.

ಕ್ಯಾಪೊವನ್ನು 4ನೇ ಫ್ರೆಟ್‌ಗೆ ಹಾಕಿ, ಇ ಯನ್ನು ಸ ಮಾಡಿಕೊಳ್ಳಿ. ಅಮ್ಮನ ಕಪ್ಪು ನಾಲ್ಕೇ ಬರುತ್ತದೆ. ಕ್ಯಾಪೊದಿಂದ ಎಣಿಸಿ 2ನೇ ಫ್ರೆಟ್‌ನಲ್ಲಿ 5, 4, 3ನೇ ತಂತಿಗಳನ್ನು ಮೂರು ಬೆರಳಲ್ಲಿ ಸಾಲಾಗಿ ಒತ್ತಿ, ಆರೂ ತಂತಿ ಹೊಡೆಯಿರಿ. ಇದು ಇ ಸಸ್ ಫೋರ್. ಇದರಲ್ಲಿ ಇರುವುದು ಸ ಮ ಪ ಮಾತ್ರ. ಇನ್ನೊಂದು ಕಾರ್ಡ್ ನಿಮಗೆ ಬರುವ ಡಿ. ಇಲ್ಲಿ ಅದರ ಸ್ವರಗಳು ನಿ ರಿ ಮ. ಈ ಎರಡು ಕಾರ್ಡಿನೊಳಗೆ ಮಧ್ಯಮಾವತಿಯ ಐದು ಸ್ವರವೂ ಬಂದವು, ಹೊರಗಿನದ್ದು ಒಂದೂ ಇಲ್ಲ.

ನೀರ್ಚಾಲು ನೆರಳು

ಹಾಕಿ ನೋಡಿದೆ ಅಕ್ಕಾ, ಕೂಡುತ್ತದೆ. ಆದರೆ ಕೊನೆಯಲ್ಲಿ ಅಮ್ಮ ರಿ ಯನ್ನು ಉದ್ದಕ್ಕೆ ಎಳೆದು ಆಮೇಲೆ ಸ ಗೆ ಇಳಿಯುತ್ತಾರೆ. ಅಲ್ಲಿ ಯಾವಾಗ ಕಾರ್ಡ್ ಬದಲಾಯಿಸಬೇಕು?

ಪೆರ್ಲದ ಪಿಟೀಲು

ರಿ ಎಳೆಯುವಷ್ಟು ಹೊತ್ತೂ ಡಿ. ಆ ಎಳೆತದಲ್ಲಿ ತಾಳ ನಿಲ್ಲಿಸುವವರೂ ಇದ್ದಾರೆ, ಹಾಗಾಗಿ ಅಲ್ಲಿ ಎಣಿಸಬೇಡಿ. ಡಿ ಯನ್ನು ಒಂದು ಸಲ ಹೊಡೆದು ನುಡಿಯಲು ಬಿಡಿ, ಅಮ್ಮನ ಬಾಯಿ ನೋಡಿ. ಸ ಗೆ ಇಳಿದ ಮೇಲೆ ಇ ಸಸ್ ಫೋರ್ ಹೊಡೆಯಿರಿ. ಸ್ವಲ್ಪ ತಡವಾದರೂ ಅಡ್ಡಿ ಇಲ್ಲ, ಮೊದಲೇ ಬರಬಾರದು.